ಆಸ್ಪತ್ರೆಯಿಂದ ಹೊರಹೋಗುವ ನೀರಿನ ಲೆಕ್ಕ

ಹಳಿಯಾಳದಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಗಾಡಿ ಹೊರಡುವುದು ಧಾರವಾಡದ ಕಡೆಗೆ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ದೂರ. ಹೀಗಾಗಿ ಸತ್ತೂರಿನ ಎಸ್‌ಡಿಎಂ ಆವರಣ ನಮ್ಮ ತಾಲೂಕಿನ ಎಷ್ಟೋ ಮನೆಗಳಿಗೆ ಗೊತ್ತಿರುವ ಜಾಗ. 1986ರಲ್ಲಿ ದಂತ ವೈದ್ಯಕೀಯ ಕಾಲೇಜು, 2003ರಲ್ಲಿ ವೈದ್ಯಕೀಯ ಕಾಲೇಜು, ಈಗ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕುಲಾಧಿಪತಿಗಳಾಗಿರುವ ವಿಶ್ವವಿದ್ಯಾಲಯ. ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು ಎಂದು ಕೇಳುತ್ತಾ ಬೆಳೆದ ನಮಗೆ ಇದು ಹೆಮ್ಮೆಯ ವಿಷಯ.

ಈಗ ಎಲ್ಲ ವಿಶ್ವವಿದ್ಯಾಲಯಗಳಲ್ಲೂ "ಹಸಿರು ಆವರಣ" ಎಂಬ ಮಾತು ಕೇಳಿಬರುತ್ತಿದೆ. ನ್ಯಾಕ್ ಮೌಲ್ಯಮಾಪನದಲ್ಲಿ ನೀರು, ವಿದ್ಯುತ್, ಕಸ, ಹಸಿರು ಲೆಕ್ಕಪರಿಶೋಧನೆ ಎಲ್ಲವನ್ನೂ ಕೇಳುತ್ತಾರೆ. ಜೂನ್ 5ರಂದು ಸಸಿ ನೆಡುವುದು, ಛಾವಣಿಗೆ ಸೌರ ಫಲಕ ಹಾಕುವುದು, ಎಲ್‌ಇಡಿ ದೀಪ ಹಚ್ಚುವುದು ಒಳ್ಳೆಯ ಕೆಲಸಗಳೇ. ಆದರೆ ವೈದ್ಯಕೀಯ ಆವರಣ ಕಲಾ ಕಾಲೇಜಿನಂತಲ್ಲ. ಅದರ ನಿಜವಾದ ಭಾರ ಇರುವುದು ಫೋಟೋಗೆ ಸಿಗದ ಜಾಗದಲ್ಲಿ: ಚರಂಡಿಯಲ್ಲಿ, ಕಸದ ಕೋಣೆಯಲ್ಲಿ.

ಮೊದಲು ನೀರಿನ ಲೆಕ್ಕ ನೋಡೋಣ. ನಮ್ಮ ದೇಶದ ಕಟ್ಟಡ ಮಾನದಂಡದಲ್ಲಿ ಮನೆಯ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಇಟ್ಟಿದ್ದಾರೆ. 100 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಯ ಒಂದು ಹಾಸಿಗೆಗೆ 450 ಲೀಟರ್. 500 ಹಾಸಿಗೆ ಇದ್ದರೆ ದಿನಕ್ಕೆ 2,25,000 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರು 45. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿಯ ಮಲಪ್ರಭಾ ಜಲಾಶಯದಿಂದ. ನಲ್ಲಿ ಎಂದು ಬರುತ್ತದೋ ಎಂದು ಕಾಯುತ್ತಾ ಕುಳಿತ ದಿನಗಳು ಅಲ್ಲಿಯ ನಮ್ಮ ಬಂಧುಗಳಿಗೆ ಚೆನ್ನಾಗಿ ನೆನಪಿವೆ.

ನೀರು ಎಲ್ಲಿಂದ ಬರುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿ ಸೀಮೆಯಲ್ಲಿ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಅಂಕೋಲಾ ದಾಟಿ ಗಂಗಾವಳಿಯಾಗಿ ಸಮುದ್ರಕ್ಕೆ ಹೋಗುತ್ತದೆ. ಮೇಲಿನ ಊರಿನ ಚರಂಡಿ ಕೆಳಗಿನ ಊರಿನ ಹೊಳೆ. ಇದು ಯಾವುದೋ ಒಂದು ಸಂಸ್ಥೆಗೆ ಬೊಟ್ಟು ಮಾಡಿ ಹೇಳುವ ಮಾತಲ್ಲ. ಅವಳಿ ನಗರದ ಎಲ್ಲ ಆಸ್ಪತ್ರೆಗಳಿಗೂ, ಎಲ್ಲ ಮನೆಗಳಿಗೂ ಸೇರಿದ್ದು.

ನಮ್ಮ ಅಜ್ಜಿಯಂದಿರು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಕೆಲಸ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಅದೇ ಬಾವಿಯ ನೀರಿಗೆ ಮರಳಿ ಬಿಡುತ್ತಿದ್ದರು. ಕುಡಿಯುವ ನೀರಿನಷ್ಟೇ ಮರಳಿ ಕೊಡುವ ನೀರಿನ ಮೇಲೂ ಅವರ ಗಮನ ಇತ್ತು. ಇಂದು ನಾವು ಆಸ್ಪತ್ರೆಗೆ ಶುದ್ಧ ನೀರಿನ ಯಂತ್ರ ದಾನ ಕೊಡುತ್ತೇವೆ, ಹೊರಹೋಗುವ ನೀರನ್ನು ಮರೆಯುತ್ತೇವೆ.

ಹೊರಹೋಗುವ ನೀರನ್ನು ಶುದ್ಧಮಾಡುವ ಘಟಕದಲ್ಲಿ ಮುಖ್ಯ ಕೆಲಸ ಮಾಡುವವು ಸೂಕ್ಷ್ಮ ಜೀವಿಗಳೇ. ಗಾಳಿ ಊದಿದರೆ ಅವು ಬೆಳೆದು ಕೊಳೆಯನ್ನು ತಿನ್ನುತ್ತವೆ. ಆದರೆ ನೆಲ ಒರೆಸುವ, ಸಲಕರಣೆ ತೊಳೆಯುವ ಕ್ರಿಮಿನಾಶಕವನ್ನು ಹಾಗೆಯೇ ಚರಂಡಿಗೆ ಸುರಿದರೆ ಅದೇ ಜೀವಿಗಳು ಸತ್ತು ಘಟಕ ನಿಂತಹಾಗೆ ಆಗುತ್ತದೆ. ಪ್ರಯೋಗಾಲಯದ ರಾಸಾಯನಿಕ ನೀರನ್ನು ಬೇರೆಯಾಗಿ ಮೊದಲೇ ಸಂಸ್ಕರಿಸಬೇಕು ಎಂದು ನಿಯಮ ಹೇಳುವುದು ಅದಕ್ಕೇ. ಜೊತೆಗೆ ಆ್ಯಂಟಿಬಯೋಟಿಕ್ ಅಂಶ ಚರಂಡಿ ಸೇರಿದರೆ ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯಲು ದಾರಿಯಾಗುತ್ತದೆ. ಆ ರೋಗಾಣು ತಿರುಗಿ ಬರುವುದು ನಮ್ಮ ಮಕ್ಕಳ ಮೈಗೇ.

ಎರಡನೆಯದು ಕಸ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ನಾಲ್ಕು ಬಣ್ಣ. ರಕ್ತ ಹತ್ತಿದ ಹತ್ತಿ, ಅವಧಿ ಮುಗಿದ ಔಷಧಿ ಹಳದಿಗೆ, ಸಲಾಯಿನ್ ನಳಿಕೆ, ಕೈಗವಸು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆಸ್ಪತ್ರೆಯ ಕಸದಲ್ಲಿ ಶೇ. 85 ಮನೆಯ ಕಸದಂಥದೇ, ಅಪಾಯದ್ದು ಶೇ. 15 ಮಾತ್ರ. ಎರಡೂ ಬೆರೆತರೆ ನೂರಕ್ಕೆ ನೂರೂ ಅಪಾಯದ ಕಸವೇ. ಹಳದಿ ಚೀಲದ್ದು ಹೆಚ್ಚಾಗಿ ಸುಡುವ ಕಸ. ಚೀಲ ದಪ್ಪ ಆದಷ್ಟೂ ಹೊಗೆ ಹೆಚ್ಚು, ಖರ್ಚು ಹೆಚ್ಚು.

ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಸಂಬಂಧಿಕರೊಬ್ಬರನ್ನು ನೋಡಿಕೊಳ್ಳಲು ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆ. ಬಾಳೆಹಣ್ಣಿನ ಸಿಪ್ಪೆ, ಬಿಸ್ಕಿಟ್ ಕಾಗದ ಎಲ್ಲ ಕೈಗೆ ಹತ್ತಿರವಿದ್ದ ಹಳದಿ ಚೀಲಕ್ಕೇ ಹಾಕುತ್ತಿದ್ದೆ. ಮೂರನೇ ದಿನ ಕಸ ತೆಗೆಯುವ ತಾಯಿ, "ಅಣ್ಣಾರ, ನೀವು ಓದಿದೋರು. ಅದರಾಗ ಸೂಜಿ ಇದ್ದರ ಆರಿಸಾಕ ನನ್ನ ಕೈ ಹೋಗಬೇಕರೀ" ಎಂದಳು. ಮನೆಯಲ್ಲಿ ಇರುವೆ ತುಳಿಯದಂತೆ ನಡೆಯುವ ನಾನು, ಆ ತಾಯಿಯ ಕೈಯನ್ನು ನೆನೆದಿರಲಿಲ್ಲ. ಅಹಿಂಸೆ ಎಂದರೆ ಇದೂ ಅಲ್ಲವೇ?

ಹಾಗಾದರೆ ಯಾವ ಆವರಣ ಪರಿಸರದ ಕೆಲಸ ನಿಜವಾಗಿ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ವ್ಯಾಪಾರಿಯಾಗಿ ನನಗೆ ಗೊತ್ತಿರುವುದು ಒಂದೇ ದಾರಿ, ಖಾತೆ ಪುಸ್ತಕ ತೆರೆದು ನೋಡುವುದು. ಅದೇ 2016ರ ನಿಯಮದಂತೆ ಪ್ರತಿ ಆಸ್ಪತ್ರೆ ಜೂನ್ 30ರೊಳಗೆ ಮಂಡಳಿಗೆ ವಾರ್ಷಿಕ ವರದಿ ಕೊಡಬೇಕು. ಅದನ್ನು ತನ್ನ ಜಾಲತಾಣದಲ್ಲೂ ಹಾಕಬೇಕು. ಯಾವ ಬಣ್ಣದ ಕಸ ಎಷ್ಟು ಕಿಲೋ ಎಂದು ಅದರಲ್ಲಿ ಇರುತ್ತದೆ. ಎರಡು-ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು, ಹಾಸಿಗೆಯ ಸಂಖ್ಯೆಯಿಂದ ಭಾಗಿಸಿ ನೋಡಿ. ರೋಗಿಗಳು ಅಷ್ಟೇ ಇದ್ದು, ಹಳದಿ ಕಸ ಇಳಿಯುತ್ತಿದ್ದರೆ ಒಳಗೆ ವಿಂಗಡಣೆ ಸುಧಾರಿಸುತ್ತಿದೆ ಎಂದು ನಂಬಬಹುದು. ಸಸಿಯ ಫೋಟೋ ಈ ಲೆಕ್ಕ ಹೇಳುವುದಿಲ್ಲ.

ಇನ್ನು ದಾನಿಗಳಿಗೆ ಒಂದು ಮಾತು. ವಾರ್ಡಿಗೆ, ಹಾಸಿಗೆಗೆ, ಕುರ್ಚಿಗೆ ಹೆಸರು ಬರೆಸುತ್ತೇವೆ. ಕೊಳಚೆ ನೀರಿನ ಘಟಕಕ್ಕೆ "ಇಂಥವರ ಸ್ಮರಣಾರ್ಥ" ಎಂಬ ಫಲಕ ನಾನು ಇದುವರೆಗೆ ಎಲ್ಲೂ ಕಂಡಿಲ್ಲ. ಯಂತ್ರ ಕೊಳ್ಳಲು ದುಡ್ಡು ಹೇಗೋ ಕೂಡುತ್ತದೆ; ಅದನ್ನು ವರ್ಷವಿಡೀ ನಡೆಸುವ ವಿದ್ಯುತ್, ಆಳು, ಪರೀಕ್ಷೆಯ ಖರ್ಚಿಗೆ ಕೊಡುವವರು ಸಿಗುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ "ನಮ್ಮೂರು ನಮ್ಮ ಕೆರೆ" ಕಾರ್ಯಕ್ರಮದಲ್ಲಿ ಹಳ್ಳಿಯ ಕೆರೆಗಳ ಹೂಳೆತ್ತಿಸುತ್ತಿದೆ. ಊರಿಂದ ಹರಿದುಬರುವ ನೀರು ಶುದ್ಧವಿದ್ದರೆ ಮಾತ್ರ ಆ ಶ್ರಮ ಸಾರ್ಥಕ.

ಮುಂದಿನ ಸಲ ನಮ್ಮ ಬಸದಿಯಲ್ಲಿ ಔಷಧದಾನದ ಸಂಕಲ್ಪ ಮಾಡುವಾಗ ಹಣದಲ್ಲಿ ಒಂದು ಪಾಲು ಈ ಕಾಣದ ಕೆಲಸಕ್ಕೆ ತೆಗೆದಿಡೋಣ. ಕೊಡುವಾಗ ವಿನಯದಿಂದಲೇ ಲೆಕ್ಕ ಕೇಳೋಣ. ರೋಗಿಯ ಜೊತೆ ಹೋದಾಗ ಸ್ಟೀಲಿನ ಡಬ್ಬಿ, ನೀರಿನ ಚೊಂಬು ಮನೆಯಿಂದ ಒಯ್ಯೋಣ. ಸಿಪ್ಪೆ ಯಾವ ಬುಟ್ಟಿಗೆ ಎಂದು ಕೇಳಿ ಹಾಕೋಣ. ಒಬ್ಬರಿಗೆ ಕೊಟ್ಟ ಔಷಧಿ ಕೆಳಗಿನ ಊರಿನ ಹೊಳೆಗೆ ವಿಷವಾಗದಿದ್ದರೆ ಆ ದಾನ ಪೂರ್ತಿಯಾದಂತೆ.