ಬಾಗಿಲಿಗೆ ವ್ಯಾನು ಬಂದರೆ ಸಾಕೇ? ಕೊಂಬೈ ಕನ್ನಡ ಮನೆಗಳ ಎಲ್‌ಕೆಜಿ ಲೆಕ್ಕ

ಕೊಂಬೈ: ಘಟ್ಟದ ಬುಡದ ಈ ಊರಿಗೆ ಬೆಳಗ್ಗೆ ಎರಡು ಬಗೆಯ ಗಾಡಿಗಳು ಬರುತ್ತವೆ. ಕತ್ತಲಿರುವಾಗಲೇ ಬರುವುದು ಏಲಕ್ಕಿ ತೋಟದ ಜೀಪು. ಕೂಲಿಯವರನ್ನು ತುಂಬಿಕೊಂಡು ಅದು ಘಟ್ಟ ಹತ್ತಿ ಕೇರಳದ ಇಡುಕ್ಕಿ ಜಿಲ್ಲೆ ಸೇರುತ್ತದೆ. ಬಿಸಿಲೇರುವ ಹೊತ್ತಿಗೆ ಬರುವುದು ಶಾಲೆಯ ಹಳದಿ ವ್ಯಾನು. ಜೀಪಿನಲ್ಲಿ ಅಮ್ಮ ಹೋದ ಮನೆಯಲ್ಲಿ ಮಗುವಿಗೆ ತಲೆ ಬಾಚಿ, ಟೈ ಕಟ್ಟಿ ವ್ಯಾನು ಹತ್ತಿಸುವವಳು ಅಜ್ಜಿ. ಅಜ್ಜಿಯ ಮಾತು ಕನ್ನಡ. ವ್ಯಾನಿನ ಆಯಾಳ ಮಾತು ತಮಿಳು. ಶಾಲೆಯ ಬೋರ್ಡು ಇಂಗ್ಲಿಷು.

ಮೂರೂವರೆ ವರ್ಷದ ಮಗುವಿಗೆ ಒಂದೇ ಬೆಳಗಿನಲ್ಲಿ ಮೂರು ಭಾಷೆ! ಆದರೂ ಅಡ್ಮಿಷನ್ ಸಮಯದಲ್ಲಿ ಮನೆಯವರು ಕೇಳುವುದು ಬಹುತೇಕ ಎರಡೇ ಪ್ರಶ್ನೆ. ಫೀಸು ಎಷ್ಟು? ವ್ಯಾನು ಮನೆ ಬಾಗಿಲಿಗೆ ಬರುತ್ತದೆಯೇ? ಕೇಳಬೇಕಾದ ಮುಖ್ಯ ಪ್ರಶ್ನೆ ಬೇರೆಯೇ ಇದೆ. ಹಸಿವಾದಾಗ, ಹೊಟ್ಟೆ ನೋವಾದಾಗ, ಒಂದಕ್ಕೆ ಹೋಗಬೇಕಾದಾಗ ಮಗು ಯಾವ ಮಾತಿನಲ್ಲಿ ಹೇಳಬೇಕು? ಹೇಳಿದರೆ ಅರ್ಥವಾಗುವವರು ಅಲ್ಲಿ ಯಾರಿದ್ದಾರೆ?

ಮನೆಯ ಮಾತು, ಶಾಲೆಯ ಮಾತು

ಕಂಬಂ ಕಣಿವೆಯ ಕಪ್ಪಿಲಿಯರು, ಅಂದರೆ ಒಕ್ಕಲಿಗ ಗೌಂಡರು, ತಲೆಮಾರುಗಳಿಂದ ಕನ್ನಡ ಆಡಿಕೊಂಡು ಬಂದವರು. ಕೊಂಬೈ ಪಾಳೆಯಗಾರರ ಕಾಲದಿಂದಲೂ ಇಲ್ಲಿ ಕನ್ನಡ ಉಳಿದಿದೆ. ಉಳಿದಿರುವುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ, ನೆಂಟರ ಮನೆಯಲ್ಲಿ. ಓದು ಬರಹವೆಲ್ಲ ತಮಿಳಿನಲ್ಲೇ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು 12 ಲಕ್ಷಕ್ಕೂ ಹೆಚ್ಚು. ಹೊಸೂರು, ತಾಳವಾಡಿ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವು ಕರ್ನಾಟಕದ ಗಡಿಗೆ ಅಂಟಿದ ಊರುಗಳು. ಕೊಂಬೈಗೆ ಹತ್ತಿರದ ಗಡಿ ಕೇರಳದ್ದು.

ತಮಿಳುನಾಡು ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂತು. 2006-07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ಹೀಗಾಗಿ ಇಲ್ಲಿನ ಮಗು ಎಲ್ಲೇ ಸೇರಿದರೂ ತಮಿಳು ಕಲಿಯಲೇಬೇಕು. ಅದು ತೊಂದರೆಯೇನಲ್ಲ, ಬೀದಿಯಲ್ಲಿ ಆಡುತ್ತಲೇ ಮಕ್ಕಳು ತಮಿಳು ಕಲಿಯುತ್ತಾರೆ. ಆದರೆ ತಮಿಳು ಗಟ್ಟಿಯಾಗುವ ಮೊದಲೇ ಇಂಗ್ಲಿಷ್ ಪದ್ಯ, ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಗದರಿಕೆ ಒಟ್ಟಿಗೆ ಬಂದರೆ ಮಗು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಅದನ್ನು ‘ಮಗು ಶಾಂತ’ ಎಂದು ಶಾಲೆ ಹೇಳಿದರೆ ಮನೆಯವರು ನಂಬುತ್ತಾರೆ.

ಯಾವ ಮಾಧ್ಯಮ ಬೇಕೆಂದು ತೀರ್ಮಾನಿಸುವ ಹಕ್ಕು ಮನೆಯವರದ್ದೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಹೆತ್ತವರು ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿತು. ಹಕ್ಕು ಕೈಯಲ್ಲಿದೆ. ಅದನ್ನು ಬಳಸುವ ಮೊದಲು ಲೆಕ್ಕ ಹಾಕಬೇಕಷ್ಟೆ.

ಎದುರಿಗಿರುವುದು ಮೂರು ದಾರಿ

ಮೊದಲನೆಯದು ಅಂಗನವಾಡಿ. ಹಳಬರ ಬಾಯಲ್ಲಿ ಇನ್ನೂ ಬಾಲವಾಡಿ. ಫೀಸಿಲ್ಲ, ಮಧ್ಯಾಹ್ನ ಊಟವಿದೆ, ನಡೆದು ಹೋಗುವ ದೂರ. ಅಲ್ಲಿನ ಕಾರ್ಯಕರ್ತೆ ಸಾಮಾನ್ಯವಾಗಿ ಸುತ್ತಮುತ್ತಲಿನವರೇ ಆದ್ದರಿಂದ ಮಗುವಿನ ಕನ್ನಡ ಅರ್ಥವಾಗುವ ಸಾಧ್ಯತೆ ಹೆಚ್ಚು. ಊಟ, ತೂಕ, ಚುಚ್ಚುಮದ್ದಿನ ಕೆಲಸದ ನಡುವೆ ಆಟ ಪಾಠಕ್ಕೆ ಸಮಯ ಎಷ್ಟು ಸಿಗುತ್ತದೆ ಎಂಬುದೇ ಅನುಮಾನ.

ಎರಡನೆಯದು ಸರಕಾರಿ ಎಲ್‌ಕೆಜಿ. ಸರಕಾರಿ ಮಾಧ್ಯಮಿಕ ಶಾಲೆಗಳ ಆವರಣದ 2,381 ಅಂಗನವಾಡಿಗಳಲ್ಲಿ 2019ರ ಜನವರಿಯಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. 2022ರಲ್ಲಿ ಅವುಗಳ ಶಿಕ್ಷಕರನ್ನು ಹಿಂದಕ್ಕೆ ಕರೆಸಿದಾಗ ಮುಚ್ಚಿಯೇ ಹೋಗುತ್ತವೆ ಎಂಬ ಗುಲ್ಲೆದ್ದಿತು. ವಿರೋಧ ಬಂದ ಮೇಲೆ ತಾತ್ಕಾಲಿಕ ಶಿಕ್ಷಕರನ್ನು ಇಟ್ಟು ಮುಂದುವರಿಸಲಾಯಿತು. ಆದ್ದರಿಂದ ತರಗತಿ ಇದೆಯೇ ಎಂದು ಕೇಳಿದರೆ ಸಾಲದು, ಅದಕ್ಕೇ ಮೀಸಲಾದ ಟೀಚರು ಇದ್ದಾರೆಯೇ ಎಂದೂ ಕೇಳಬೇಕು.

ಒಂದನೇ ತರಗತಿಗೆ ಬಂದ ಮೇಲೆ ಸರಕಾರಿ ಶಾಲೆಗೆ ಇನ್ನೊಂದು ಬಲವಿದೆ. 2022ರ ಸೆಪ್ಟೆಂಬರ್ 15ರಂದು ಮಧುರೈಯಲ್ಲಿ ಶುರುವಾದ ಮುಖ್ಯಮಂತ್ರಿಗಳ ಬೆಳಗಿನ ತಿಂಡಿ ಯೋಜನೆ 2023ರ ಆಗಸ್ಟ್‌ನಲ್ಲಿ ರಾಜ್ಯದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠಕ್ಕೆ ಮೊದಲೇ ತಿಂಡಿ. ಕತ್ತಲಲ್ಲಿ ಜೀಪು ಹತ್ತುವ ತಾಯಿಗೆ ಇದು ಸಣ್ಣ ಮಾತಲ್ಲ.

ಮೂರನೆಯದು ಖಾಸಗಿ ನರ್ಸರಿ ಮತ್ತು ಮೆಟ್ರಿಕ್ ಶಾಲೆ. ಅತಿ ಹೆಚ್ಚು ಆಸೆ, ಅತಿ ಹೆಚ್ಚು ಖರ್ಚು, ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ.

ಶೇ.25ರ ಬಾಗಿಲು

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು ಉಳಿದ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇ.25ರಷ್ಟು ಸೀಟುಗಳನ್ನು ಹಿಂದುಳಿದ ಮತ್ತು ಬಡ ಕುಟುಂಬದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಎಲ್‌ಕೆಜಿ ಇರುವ ಶಾಲೆಯಲ್ಲಿ ಪ್ರವೇಶದ ತರಗತಿ ಎಂದರೆ ಎಲ್‌ಕೆಜಿಯೇ. ಅಲ್ಲಿ ತಪ್ಪಿಸಿಕೊಂಡವರು ಎರಡು ವರ್ಷ ಕಳೆದು ಒಂದನೇ ತರಗತಿಗೆ ಹೋಗಿ ಕೇಳಿದರೆ ಸೀಟು ಉಳಿದಿರುವುದಿಲ್ಲ.

ತಮಿಳುನಾಡಿನ ನಿಯಮದಂತೆ ಮನೆಯಿಂದ ಶಾಲೆ 1 ಕಿಲೋಮೀಟರ್ ಒಳಗಿರಬೇಕು. ಎಲ್‌ಕೆಜಿಗೆ ಜುಲೈ 31ಕ್ಕೆ ಮಗುವಿಗೆ ಮೂರು ವರ್ಷ ತುಂಬಿರಬೇಕು. ಬಡ ವರ್ಗದಡಿ ಅರ್ಜಿ ಹಾಕುವವರ ವಾರ್ಷಿಕ ಆದಾಯ 2 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಬಿಸಿ, ಎಂಬಿಸಿ, ಎಸ್‌ಸಿ, ಎಸ್‌ಟಿ ಮಕ್ಕಳು ಸೌಲಭ್ಯವಂಚಿತ ವರ್ಗದಡಿ ಬರುವುದರಿಂದ ಅವರಿಗೆ ಜಾತಿ ಪ್ರಮಾಣಪತ್ರ ಮುಖ್ಯ. ಕಪ್ಪಿಲಿಯರು ರಾಜ್ಯದ ಬಿಸಿ ಪಟ್ಟಿಯಲ್ಲಿದ್ದಾರೆ. ಅರ್ಜಿ ಆನ್‌ಲೈನ್. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ, ಮಗುವಿಗೆ ಪರೀಕ್ಷೆ ಇಲ್ಲ.

ಇಲ್ಲೇ ವ್ಯಾನಿನ ಲೆಕ್ಕ ಎಡವುವುದು. ಉತ್ತಮಪಾಳ್ಯಂ ಅಥವಾ ಕಂಬಂನಿಂದ ವ್ಯಾನು ಕಳಿಸುವ ಶಾಲೆ ಎಷ್ಟೇ ಹೆಸರುವಾಸಿಯಾಗಿರಲಿ, ಕೊಂಬೈ ಮನೆಯಿಂದ 1 ಕಿಲೋಮೀಟರ್ ಒಳಗೆ ಬರುವುದಿಲ್ಲ. ಉಚಿತ ಸೀಟು ಬೇಕಿದ್ದರೆ ಊರೊಳಗಿನ ಶಾಲೆಯನ್ನೇ ನೋಡಬೇಕು. ಕರ್ನಾಟಕದಲ್ಲಿರುವ ನೆಂಟರ ಅನುಭವವೂ ಇಲ್ಲಿ ಉಪಯೋಗಕ್ಕೆ ಬಾರದು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಈ ಸೀಟು ಇಲ್ಲ ಎಂದು ಅಲ್ಲಿನ ಸರಕಾರ 2019ರಲ್ಲೇ ನಿಯಮ ತಿದ್ದಿತು.

ಹಕ್ಕು ಇದ್ದರೂ ಹಣ ಬರದಿದ್ದರೆ ಏನಾಗುತ್ತದೆ ಎಂಬುದನ್ನು 2025 ತೋರಿಸಿತು. 2024ರಲ್ಲಿ ಏಪ್ರಿಲ್ 22ರಿಂದ ಮೇ 20ರವರೆಗೆ ಅರ್ಜಿ ತೆಗೆದುಕೊಂಡಿದ್ದರು. 2025ರಲ್ಲಿ ಕೇಂದ್ರದ ಸಮಗ್ರ ಶಿಕ್ಷಾ ಹಣ ತಡೆಹಿಡಿದ ಜಗಳದಲ್ಲಿ ಬೇಸಿಗೆಯಲ್ಲಿ ಅರ್ಜಿಯೇ ಕರೆಯಲಿಲ್ಲ. ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ, ಹಣ ಬಿಡುಗಡೆಯಾಗಿ, ಪ್ರಕ್ರಿಯೆ ಶುರುವಾದದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಶಾಲೆ ಶುರುವಾಗಿ ನಾಲ್ಕು ತಿಂಗಳು ಕಳೆದಿತ್ತು. ಸಾಲ ಮಾಡಿಯಾದರೂ ಫೀಸು ಕಟ್ಟಿ ಸೇರಿಸಿದ್ದವರಿಗೆ ದಾರಿ ಸಿಕ್ಕಿತು. ಕಟ್ಟಲಾಗದೆ ಮನೆಯಲ್ಲೇ ಉಳಿಸಿಕೊಂಡವರಿಗೇ ಅನ್ಯಾಯವಾಯಿತು. ಪ್ರಮಾಣಪತ್ರಗಳನ್ನು ಫೆಬ್ರವರಿಯೊಳಗೇ ಮಾಡಿಸಿಟ್ಟುಕೊಳ್ಳುವುದು, ಜತೆಗೆ ಸರಕಾರಿ ದಾರಿಯನ್ನೂ ತೆರೆದಿಟ್ಟುಕೊಳ್ಳುವುದು ಜಾಣತನ. 2024 ಮತ್ತು 2025ರಲ್ಲಿ ಸರಕಾರಿ ಶಾಲೆಗಳ ಅಡ್ಮಿಷನ್ ಮಾರ್ಚ್ 1ರಂದೇ ಶುರುವಾಗಿತ್ತು.

ಫೀಸು, ಇಂಟರ್‌ವ್ಯೂ, ಟಿಸಿ

ಮಗುವಿಗೂ ಹೆತ್ತವರಿಗೂ ಇಂಟರ್‌ವ್ಯೂ ಮಾಡಬಾರದು, ಡೊನೇಷನ್ ಕೇಳಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಹೇಳುತ್ತದೆ. ಇಲ್ಲೊಂದು ತೊಡಕಿದೆ. ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದವರು. ಶೇ.25ರ ಸೀಟು ಬಿಟ್ಟು ಉಳಿದ ನರ್ಸರಿ ಸೀಟುಗಳಿಗೆ ಇದು ಅನ್ವಯಿಸುವುದಿಲ್ಲವೆಂದು ದೆಹಲಿ ಹೈಕೋರ್ಟು 2013ರಲ್ಲಿ ಹೇಳಿತು. ಫೀಸಿನ ಮಟ್ಟಿಗೆ ತಮಿಳುನಾಡಿನಲ್ಲಿ ಬೇರೆ ರಕ್ಷಣೆ ಇದೆ. 2009ರ ಫೀಸು ನಿಯಂತ್ರಣ ಕಾಯ್ದೆಯಂತೆ ಪ್ರತಿ ಖಾಸಗಿ ಶಾಲೆಯ ಫೀಸನ್ನು ಸಮಿತಿ ನಿಗದಿ ಮಾಡುತ್ತದೆ. ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ‘ಸಮಿತಿ ನಿಗದಿ ಮಾಡಿದ ಫೀಸು ಎಷ್ಟು, ರಸೀದಿ ಕೊಡುತ್ತೀರಾ’ ಎಂದು ಕೇಳಲು ಸಂಕೋಚ ಬೇಡ.

ಉಚಿತ ಸೀಟು ಸಿಕ್ಕಿದವರಿಗೂ ಪುಸ್ತಕ, ಸಮವಸ್ತ್ರದ ಹೆಸರಿನಲ್ಲಿ ಬಿಲ್ಲು ಬರುವುದುಂಟು. ಆ ಖರ್ಚನ್ನೂ ಸರಕಾರವೇ ಹೊರಬೇಕೆಂದು ಮದ್ರಾಸ್ ಹೈಕೋರ್ಟು 2023ರಲ್ಲಿ ಹೇಳಿದೆ. ಬಾಕಿ ವಸೂಲಿಗೆ ಟಿಸಿಯನ್ನು ಅಸ್ತ್ರವಾಗಿ ಬಳಸುವಂತಿಲ್ಲ ಎಂದು 2024ರಲ್ಲಿ ಅದೇ ಕೋರ್ಟು ಹೇಳಿತು.

ಗುಣಮಟ್ಟ ಕಾಣುವುದು ಎಲ್ಲಿ?

ಮೊದಲು ಕಟ್ಟಡದಲ್ಲಿ. 2004ರ ಜುಲೈ 16ರಂದು ಕುಂಭಕೋಣಂನಲ್ಲಿ ಶಾಲೆಯ ಹುಲ್ಲುಚಾವಣಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಕಿರಿದಾದ ಮೆಟ್ಟಿಲು, ಕಿಕ್ಕಿರಿದ ಕೋಣೆ. 2012ರ ಜುಲೈನಲ್ಲಿ ಚೆನ್ನೈ ಹತ್ತಿರ ಶಾಲಾ ಬಸ್ಸಿನ ತಳದ ತೂತಿನಿಂದ ಜಾರಿ ಬಿದ್ದು ಆರು ವರ್ಷದ ಬಾಲಕಿ ಸತ್ತಳು. 2025ರ ಜನವರಿ 3ರಂದು ವಿಕ್ರವಾಂಡಿಯಲ್ಲಿ ಖಾಸಗಿ ಶಾಲೆಯ ಶೌಚಗುಂಡಿಗೆ ಬಿದ್ದು ಎಲ್‌ಕೆಜಿ ಮಗುವೊಂದು ಪ್ರಾಣ ಬಿಟ್ಟಿತು. ಮೂರೂ ದುರಂತಗಳು ಕಲಿಸುವ ಪಾಠ ಒಂದೇ. ಆಫೀಸ್ ರೂಮಿನಲ್ಲಿ ಕೂತು ವಾಪಸು ಬರಬೇಡಿ. ಮೆಟ್ಟಿಲು ಹತ್ತಿ ನೋಡಿ, ಶೌಚಾಲಯ ನೋಡಿ, ಗುಂಡಿಯ ಮುಚ್ಚಳ ನೋಡಿ, ವ್ಯಾನಿನೊಳಗೆ ಇಣುಕಿ ಆಯಾ ಇದ್ದಾಳೆಯೇ ನೋಡಿ.

ಎರಡನೆಯದಾಗಿ ಕಾಗದದಲ್ಲಿ. ಮಾನ್ಯತೆ ಆದೇಶ ಯಾವ ವರ್ಷದವರೆಗೆ ಇದೆ? ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ ಯಾವುದು? ಆ ಸಂಖ್ಯೆ ಇದ್ದರೆ ಶಾಲೆಯ ವಿವರಗಳನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು.

ಮೂರನೆಯದಾಗಿ ತರಗತಿಯಲ್ಲಿ. ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಖಾಸಗಿ ಪ್ಲೇ ಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕು ಆಯೋಗ ಹೇಳಿರುವುದು 20 ಮಕ್ಕಳಿಗೆ ಒಬ್ಬರು. ಮೂರು ವರ್ಷದ ಬೆರಳಿಗೆ ಪೆನ್ಸಿಲು ಕೊಟ್ಟು ಸಾಲು ಸಾಲು ಅಕ್ಷರ ತಿದ್ದಿಸುವ ಶಾಲೆ ‘ಸ್ಟ್ರಿಕ್ಟ್’ ಎನಿಸಬಹುದು. ಆ ವಯಸ್ಸಿಗೆ ಬೇಕಾದ್ದು ಕಥೆ, ಹಾಡು, ಮಣ್ಣು, ಮಾತು. ಮಕ್ಕಳು ಟೀಚರ ಹತ್ತಿರ ತಾವಾಗಿಯೇ ಹೋಗಿ ಏನಾದರೂ ಹೇಳುತ್ತಿದ್ದಾರೆಯೇ? ಹತ್ತು ನಿಮಿಷ ಬಾಗಿಲಲ್ಲಿ ನಿಂತರೆ ಇದು ಗೊತ್ತಾಗುತ್ತದೆ.

ಮುಂದಿನ ಲೆಕ್ಕವೂ ಇದೆ

ಎಲ್‌ಕೆಜಿ ಆರಿಸುವಾಗ ಬಹಳ ಮಂದಿ ಮರೆಯುವ ವಿಷಯ ಮಾಧ್ಯಮ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರಕಾರಿ ನೌಕರಿಯಲ್ಲಿ ಶೇ.20 ಆದ್ಯತೆ ಇದೆ. 2010ರ ಆ ಕಾಯ್ದೆಯನ್ನು 2020ರಲ್ಲಿ ತಿದ್ದಿ, ಒಂದನೇ ತರಗತಿಯಿಂದಲೇ ತಮಿಳು ಮಾಧ್ಯಮದಲ್ಲಿ ಓದಿರಬೇಕು ಎಂದು ಮಾಡಲಾಯಿತು. ಒಂದನೇ ತರಗತಿಯಲ್ಲಿ ಹಾಕಿದ ಟಿಕ್ಕು ಇಪ್ಪತ್ತು ವರ್ಷದ ನಂತರ ಲೆಕ್ಕಕ್ಕೆ ಬರುತ್ತದೆ. ಸರಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ಸೇರಿದರೂ ಈ ಆದ್ಯತೆ ಕೈಬಿಟ್ಟು ಹೋಗುತ್ತದೆ. ಸರಕಾರಿ ಶಾಲೆ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿರುವ ಶೇ.7.5 ಮೀಸಲಿಗೆ ಮಾತ್ರ ಮಾಧ್ಯಮದ ಕಟ್ಟುಪಾಡಿಲ್ಲ, ಆರನೇ ತರಗತಿಯಿಂದ ಅಲ್ಲಿ ಓದಿದ್ದರೆ ಸಾಕು.

ಊರು ಬಿಟ್ಟು ಹೋಗುವ ಮನೆಗಳಿಗೆ ವಯಸ್ಸಿನ ಲೆಕ್ಕವೂ ಬೇಕು. ಇಲ್ಲಿ ಐದು ತುಂಬಿದರೆ ಒಂದನೇ ತರಗತಿ. ಕರ್ನಾಟಕ ಆರು ವರ್ಷದ ನಿಯಮ ತಂದು, 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತ್ತು. ಕೇರಳವೂ 2026-27ರಿಂದ ಆರು ವರ್ಷಕ್ಕೆ ಏರಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಇಲ್ಲಿ ಬೇಗ ಸೇರಿಸಿ ಬೆಂಗಳೂರಿಗೋ ಇಡುಕ್ಕಿಗೋ ಹೊರಟರೆ ಮಗು ಅಲ್ಲಿ ವರ್ಷ ಕಾಯಬೇಕಾಗಿ ಬರಬಹುದು.

ಎಲ್ಲಕ್ಕೂ ಹೊಂದುವ ಒಂದೇ ಉತ್ತರವಿಲ್ಲ. ಕೂಲಿ ಮನೆಗೆ ಹತ್ತಿರದ ಸರಕಾರಿ ಶಾಲೆಯ ತಿಂಡಿ ದೊಡ್ಡದು. ಊರೊಳಗಿನ ಒಳ್ಳೆಯ ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಕ್ಕಿದರೆ ಬಿಡುವುದೂ ಸರಿಯಲ್ಲ. ಎರಡೂ ಕಡೆ ಬಿಡದೆ ಮಾಡಬೇಕಾದ ಕೆಲಸ ಒಂದಿದೆ. ಸೇರಿಸುವ ದಿನ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಮನೆಯಲ್ಲಿ ಮಗು ನೀರಿಗೆ ಏನನ್ನುತ್ತದೆ, ನೋವಾದರೆ ಏನನ್ನುತ್ತದೆ ಎಂದು ಟೀಚರಿಗೆ ಹೇಳಿ ಬರಬೇಕು. ನಾಲ್ಕಾರು ಕನ್ನಡ ಪದಗಳನ್ನು ಬರೆದಿಟ್ಟುಕೊಳ್ಳುವ ಟೀಚರು ಇರುವ ಶಾಲೆಯನ್ನು ಧೈರ್ಯವಾಗಿ ಆರಿಸಬಹುದು. ‘ಮನೆಯಲ್ಲೂ ಕನ್ನಡ ಬಿಟ್ಟುಬಿಡಿ’ ಎನ್ನುವ ಶಾಲೆಗೆ ಒಂದು ನಮಸ್ಕಾರ ಹಾಕಿ ಹೊರಬರುವುದೇ ಮೇಲು.