ಕೌಲೂನ್ ಟಾಂಗ್‌ನ ಸದ್ದಿಲ್ಲದ ಬೀದಿಗಳು

ಹಾಂಕಾಂಗ್ ಅಂದ್ರೆ ಬರೀ ಗಗನಚುಂಬಿ ಕಟ್ಟಡ ಅಂದ್ಕೊಂಡವರು ಒಮ್ಮೆ ಕೌಲೂನ್ ಟಾಂಗ್‌ನಲ್ಲಿ ರೈಲು ಇಳೀಬೇಕು. ಸ್ವಲ್ಪ ನಡೆದರೆ ಸಾಕು: ಎರಡು ಮೂರು ಅಂತಸ್ತಿನ ಮನೆಗಳು, ಕಾಂಪೌಂಡು, ಮರಗಳು. ಕಿವಿಗೆ ಬೀಳೋದು ಕ್ಯಾಂಟನೀಸ್, ಬೀದಿಗಳಿಗೆ ಮಾತ್ರ ಡೆವನ್, ಸಾಮರ್ಸೆಟ್, ಕಂಬರ್‌ಲ್ಯಾಂಡ್ ಅಂತ ಇಂಗ್ಲೆಂಡಿನ ಹೆಸರು! 1922ರಲ್ಲಿ ಶುರುವಾದ ಉದ್ಯಾನ ಬಡಾವಣೆ ಇದು.

ಹಟ್ಟಿಯ ಚಿನ್ನದ ಗಣಿ ಕ್ವಾರ್ಟರ್ಸ್ ನೋಡಿ ಬೆಳೆದ ನನಗೆ ಈ ಶಾಂತಿ ಹೊಸದೇನಲ್ಲ. ಎರಡೂ ಕಡೆ ಯಾರೋ ಕೂತು ಲೆಕ್ಕ ಹಾಕಿ ಬೀದಿ ಎಳೆದಿದ್ದಾರೆ. ಆದರೆ ಬೀದಿಗೆ ಹಾಕಿದ ಯೋಜನೆಯನ್ನ ನೆನಪಿಗೆ ಯಾರೂ ಹಾಕೋದಿಲ್ಲ.

ಕಂಬರ್‌ಲ್ಯಾಂಡ್ ರಸ್ತೆಯ 41ನೇ ನಂಬರ್ ಮನೆಯನ್ನೇ ನೋಡಿ. 1973ರಲ್ಲಿ ತೀರಿಕೊಂಡ ಬ್ರೂಸ್ ಲೀ ಕೊನೆಗೆ ಇದ್ದದ್ದು ಅಲ್ಲೇ. ಮ್ಯೂಸಿಯಂ ಮಾಡ್ತೀವಿ ಅನ್ನೋ ಮಾತು ಮಾತಾಗಿಯೇ ಉಳೀತು; 2019ರಲ್ಲಿ ಮನೆ ಕೆಡವಿದರು. ದುಡ್ಡಿಗೆ ಬರವಿಲ್ಲದ ಊರಲ್ಲೇ ಹೀಗೆ!

ನಮ್ಮಲ್ಲಿ? 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಹಳೇ ಬಂಗಲೆಗಳು ಪಾಳು ಬಿದ್ದವು. ಹಟ್ಟಿಯಲ್ಲಿ ಗಣಿ ಇನ್ನೂ ನಡೀತಿದೆ. ಯಾವ ಮನೆ, ಯಾವ ಬೀದಿ ಉಳಿಸಬೇಕು ಅನ್ನೋ ಪಟ್ಟಿಯನ್ನ ಈಗಲೇ ಮಾಡಬೇಕು. ಬೀಗ ಬಿದ್ದ ಮೇಲಲ್ಲ.

ನೀವೇನಂತೀರಿ?