ಘಾಟಿನ ಬದಿಯಲ್ಲೊಂದು ಮಾರಾಟ

ಕಾಶಿಯ ಹರಿಶ್ಚಂದ್ರ ಘಾಟ್ ಮಾರಾಟದ ನೆನಪನ್ನು ಹೊತ್ತ ಸ್ಥಳ. ರಾಘವಾಂಕನ ಅರಸು ಋಣ ತೀರಿಸಲು ಮಡದಿ, ಮಗನನ್ನು ಮಾರಿ, ಕೊನೆಗೆ ವೀರಬಾಹುವಿಗೆ ತನ್ನನ್ನೇ ಮಾರಿಕೊಂಡ. ಇಂದು ಅಲ್ಲಿಗೆ ವ್ಯಾನಿನ ಆಸನ ಕಿತ್ತು, ಹಾಸಿಗೆ, ಒಲೆ, ನೀರಿನ ತೊಟ್ಟಿ ಕೂಡಿಸಿಕೊಂಡು ಕರ್ನಾಟಕದಿಂದ ಬರುವವರೂ ಇದ್ದಾರೆ. ಯಾತ್ರೆ ಮುಗಿದ ಮೇಲೆ ಗಾಡಿಯನ್ನು ಅಲ್ಲೇ ಮಾರಿ ರೈಲು ಹತ್ತುವ ಆಸೆ ಸಹಜವೇ.

ನನ್ನ ತಕರಾರು ಮಾರುವ ರೀತಿಗೆ. 29 ಮತ್ತು 30ನೆಯ ನಮೂನೆಗಳಿಗೆ ಖಾಲಿಯಾಗಿಯೇ ರುಜು ಹಾಕಿ, ಕೀಲಿಕೈ ಕೊಟ್ಟು ಬರುವುದು ನಮ್ಮಲ್ಲಿ ರೂಢಿ. (ನಮೂನೆ ತುಂಬುವುದೇ ಕಸುಬಾದ ನನ್ನಂಥವನಿಗೆ ಇದು ಕಣ್ಣಿಗೆ ಚುಚ್ಚುತ್ತದೆ.) 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು. ಹೊರರಾಜ್ಯದಲ್ಲಿ ಹೆಸರು ಬದಲಾಗಬೇಕಾದರೆ ಮೂಲ ಆರ್‌ಟಿಓದ ನಿರಾಕ್ಷೇಪಣಾ ಪತ್ರವೂ ಬೇಕು. ಗಾಡಿ ಕೈಬದಲಾದರೂ ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಕಾಗದದ ಮಾತು ಅಷ್ಟಿರಲಿ. ತಾನೇ ಎಳೆದ ತಂತಿ, ತಾನೇ ಜೋಡಿಸಿದ ಅನಿಲದ ಕೊಳವೆ ಎಲ್ಲೆಲ್ಲಿವೆಯೆಂದು ತೋರಿಸದೆ ಹಣ ಎಣಿಸಿಕೊಳ್ಳುವವರ ವಿಷಯದಲ್ಲಂತೂ ನನಗೆ ದಾಕ್ಷಿಣ್ಯವಿಲ್ಲ. ನಾಳೆ ಆ ಹಾಸಿಗೆಯ ಮೇಲೆ ಇನ್ನೊಬ್ಬರ ಮಕ್ಕಳು ಮಲಗುತ್ತಾರೆ.